ಹಸುಗೂಸಿನ ಕತ್ತಿನಲ್ಲಿ ಗಂಟು, ತಲೆ ಒಂದೇ ಕಡೆ ವಾಲುವುದು: ಮನೆಯಲ್ಲಿ ಏನು ನೋಡಬೇಕು, ಏನು ಮಾಡಬೇಕು

"ಮೇಡಂ, ಮಗೂಗೆ ಇಪ್ಪತ್ತೈದು ದಿನ. ನೀರು ಹಾಕುವಾಗ ಕತ್ತಿನ ಬಲಗಡೆ ಗಟ್ಟಿಯಾಗಿ ಏನೋ ಕೈಗೆ ಸಿಕ್ತು. ಹುಟ್ಟಿದಾಗ ಇರಲಿಲ್ಲ. ಏನಿದು?"

ಮೈಸೂರಿನಲ್ಲಿ ಮಕ್ಕಳ ಫಿಸಿಯೋಥೆರಪಿ ಮಾಡುವ ನನಗೆ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಮದ್ದೂರು, ಮಳವಳ್ಳಿ, ಕೆ.ಆರ್. ಪೇಟೆ, ನಂಜನಗೂಡು, ಎಲ್ಲ ಕಡೆಯಿಂದ ಬರುತ್ತದೆ. ಕೇಳುವವರ ದನಿ ನಡುಗುತ್ತಿರುತ್ತದೆ, ಪಾಪ. ಫೋನಿನಲ್ಲಿ ಹೇಳಿದರೆ ಗಾಬರಿಯಲ್ಲಿ ಅರ್ಧ ಕೇಳಿಸುತ್ತದೆ, ಅರ್ಧ ಮರೆತುಹೋಗುತ್ತದೆ. ಅದಕ್ಕೇ ಇಲ್ಲಿ ಪೂರ್ತಿ ಬರೆದಿದ್ದೇನೆ. ಒಮ್ಮೆ ನೀವು ಓದಿ, ಆಮೇಲೆ ಮಗುವಿಗೆ ನೀರು ಹಾಕುವ ಅಜ್ಜಿಗೂ ಓದಿ ಹೇಳಿ.

ಮೊದಲು ಸಮಾಧಾನದ ಮಾತು. ಹುಟ್ಟಿ ಎರಡರಿಂದ ನಾಲ್ಕು ವಾರದ ಹೊತ್ತಿಗೆ ಕತ್ತಿನ ಪಕ್ಕದ ಸ್ನಾಯುವಿನ ಒಳಗೇ ಕಾಣಿಸಿಕೊಳ್ಳುವ ಗಟ್ಟಿ ಗಂಟು ಸಾಮಾನ್ಯವಾಗಿ ಕ್ಯಾನ್ಸರ್ ಆಗಿರುವುದಿಲ್ಲ. ಹೆಚ್ಚಿನ ಮಕ್ಕಳಲ್ಲಿ ಒಂದು ವರ್ಷದೊಳಗೆ ತಾನಾಗಿಯೇ ಕರಗುತ್ತದೆ. ಆದರೆ ಗಂಟು ಕರಗುವುದು ಬೇರೆ, ಕತ್ತು ನೆಟ್ಟಗಾಗುವುದು ಬೇರೆ. ಕತ್ತು ನೆಟ್ಟಗಾಗಲು ನಿಮ್ಮ ಕೈ ಬೇಕು, ಅದೂ ಮೊದಲ ಮೂರು ತಿಂಗಳಲ್ಲಿ ಬೇಕು.

ಏನಿದು, ಯಾಕೆ ಬರುತ್ತದೆ?

ಕನ್ನಡಿ ಮುಂದೆ ನಿಂತು ಮುಖವನ್ನು ಪೂರ್ತಿ ಎಡಕ್ಕೆ ತಿರುಗಿಸಿ. ಕತ್ತಿನ ಬಲಗಡೆ ಒಂದು ಹಗ್ಗದ ಥರ ಸ್ನಾಯು ಎದ್ದು ಕಾಣುತ್ತದೆ, ಅಲ್ವಾ? ಕಿವಿಯ ಹಿಂದಿನ ಮೂಳೆಯಿಂದ ಹೊರಟು ಓರೆಯಾಗಿ ಇಳಿದು ಎದೆಯ ಮೂಳೆಗೂ ಕೊರಳ ಮೂಳೆಗೂ ಅಂಟಿಕೊಂಡಿರುತ್ತದೆ. ಇದರ ಹೆಸರು ಸ್ಟರ್ನೋಕ್ಲೈಡೋಮ್ಯಾಸ್ಟಾಯ್ಡ್. ಡಾಕ್ಟರುಗಳು ಚಿಕ್ಕದಾಗಿ ಎಸ್‌ಸಿಎಂ ಅನ್ನುತ್ತಾರೆ. ಬಲಗಡೆ ಸ್ನಾಯು ಬಿಗಿದರೆ ತಲೆ ಬಲಕ್ಕೆ ವಾಲುತ್ತದೆ, ಗದ್ದ ಮಾತ್ರ ಎಡಕ್ಕೆ ತಿರುಗುತ್ತದೆ. ಈ ಒಂದು ವಿಷಯ ಚೆನ್ನಾಗಿ ನೆನಪಿಡಿ. ಮುಂದೆ ವ್ಯಾಯಾಮದಲ್ಲಿ ಹೆಚ್ಚು ಜನ ತಪ್ಪುವುದು ಇಲ್ಲೇ.

ಕೆಲವು ಕೂಸುಗಳಲ್ಲಿ ಈ ಸ್ನಾಯುವಿನ ಒಂದು ಭಾಗದಲ್ಲಿ ನಾರಿನಂಥ ಅಂಗಾಂಶ ಸೇರಿಕೊಂಡು ದಪ್ಪವಾಗುತ್ತದೆ. ನೋಡಲು ಸ್ನಾಯು ಬೆಳೆದಂತೆ ಕಂಡರೂ ಅದು ಬಲ ಬಂದು ಬೆಳೆದದ್ದಲ್ಲ. ನಾರು ಕಟ್ಟಿ ಬಿಗಿದುಕೊಂಡದ್ದು. ಹೊಟ್ಟೆಯೊಳಗೆ ಜಾಗ ಇಕ್ಕಟ್ಟಾಗಿ ಕತ್ತು ಬಹಳ ದಿನ ಒಂದೇ ಕಡೆ ಮಡಚಿಕೊಂಡಿದ್ದರೆ, ಅಥವಾ ಹೆರಿಗೆಯಲ್ಲಿ ಕತ್ತಿಗೆ ಎಳೆತ ಬಿದ್ದಿದ್ದರೆ ಹೀಗಾಗಬಹುದು. ಚೊಚ್ಚಲ ಮಕ್ಕಳಲ್ಲಿ, ಕಾಲು ಅಥವಾ ಕುಂಡಿ ಮೊದಲಾಗಿ ಇದ್ದ ಮಕ್ಕಳಲ್ಲಿ, ಇಕ್ಕಳ ಹಾಕಿ ತೆಗೆದ ಹೆರಿಗೆಯಲ್ಲಿ ಜಾಸ್ತಿ ಕಾಣುತ್ತದೆ. ಹಾಗಂತ ಸಿಸೇರಿಯನ್ ಮಕ್ಕಳಿಗೆ ಬರುವುದಿಲ್ಲ ಅಂತೇನಿಲ್ಲ, ಅವರಿಗೂ ಬರುತ್ತದೆ. ಬಾಣಂತಿ ಹಾಗೆ ಮಲಗಿದ್ದಕ್ಕೆ ಬಂತು, ಮಗು ಎತ್ತಿದವರು ಸರಿಯಾಗಿ ಹಿಡಿಯದೆ ಉಳುಕಿತು ಅಂತ ಮನೆಯಲ್ಲಿ ಯಾರ ಮೇಲೂ ತಪ್ಪು ಹೊರಿಸಬೇಡಿ. ಹಸಿ ಬಾಣಂತಿ ಆ ಮಾತು ಕೇಳಿ ಅಳುವುದನ್ನು ನೋಡಿದ್ದೇನೆ. ಅವಳು ಏನೂ ಮಾಡಿರುವುದಿಲ್ಲ.

ಸ್ಕ್ಯಾನಿಂಗ್ ಚೀಟಿಯಲ್ಲಿ ಇದಕ್ಕೆ "ಫೈಬ್ರೊಮಟೋಸಿಸ್ ಕೊಲೈ" ಅಂತಲೋ "ಸ್ಟರ್ನೋಮ್ಯಾಸ್ಟಾಯ್ಡ್ ಟ್ಯೂಮರ್" ಅಂತಲೋ ಬರೆದಿರುತ್ತಾರೆ. ಟ್ಯೂಮರ್ ಅನ್ನುವ ಪದ ನೋಡಿದ ಕೂಡಲೇ ಮನೆ ಮಂದಿಯೆಲ್ಲ ಕುಸಿದುಹೋಗುತ್ತಾರೆ. ಇಲ್ಲಿ ಆ ಪದಕ್ಕೆ ಗಂಟು, ಊತ ಅನ್ನುವಷ್ಟೇ ಅರ್ಥ. ಕತ್ತು ವಾಲುವುದಕ್ಕೆ "ಟಾರ್ಟಿಕಾಲಿಸ್" ಅಂತ ಹೆಸರು.

ಹಂತ 1: ಕಣ್ಣಿನಿಂದ ನೋಡಿ

ಮಗುವಿಗೆ ಹೊಟ್ಟೆ ತುಂಬಿರಬೇಕು, ಎಚ್ಚರವಾಗಿರಬೇಕು. ಹಗಲು ಬೆಳಕಿನಲ್ಲಿ ಚಾಪೆ ಮೇಲೆ ಅಂಗಾತ ಮಲಗಿಸಿ, ಅಂಗಿ ತೆಗೆದು, ಮಗುವಿನ ಕಾಲ ಬಳಿ ಕೂತು ನೋಡಿ. ಮೂಗು, ಹೊಕ್ಕಳು ಒಂದೇ ಗೆರೆಯಲ್ಲಿ ಇವೆಯಾ? ಒಂದು ಕಿವಿ ಹೆಗಲಿಗೆ ಹತ್ತಿರ ಇದೆಯಾ? ನೀವು ಮೆಲ್ಲಗೆ ಎಡದಿಂದ ಕರೆದಾಗ, ಬಲದಿಂದ ಕರೆದಾಗ, ಎರಡೂ ಕಡೆ ಅಷ್ಟೇ ಸಲೀಸಾಗಿ ತಿರುಗುತ್ತದೆಯಾ?

ಆಮೇಲೆ ಮೊಬೈಲ್ ತೆಗೆದು ಹುಟ್ಟಿದಾಗಿನಿಂದ ತೆಗೆದ ಫೋಟೊ ಎಲ್ಲ ನೋಡಿ. ನಾಮಕರಣದ ಫೋಟೊ, ತೊಟ್ಟಿಲಿನ ಫೋಟೊ. ಎಲ್ಲದರಲ್ಲೂ ತಲೆ ಒಂದೇ ಕಡೆ ವಾಲಿದ್ದರೆ ಅದು ಕಾಕತಾಳೀಯ ಅಲ್ಲ. ಇದು ಡಾಕ್ಟರಿಗೂ ತುಂಬ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಸುಳಿವು ತಾಯಿಗೆ ಮಾತ್ರ ಗೊತ್ತಾಗುತ್ತದೆ. ಒಂದು ಕಡೆ ಎದೆಹಾಲು ಚೆನ್ನಾಗಿ ಕುಡಿಯುತ್ತದೆ, ಇನ್ನೊಂದು ಕಡೆ ಹಾಕಿದರೆ ಕಚ್ಚುವುದಿಲ್ಲ, ಕಿರಿಕಿರಿ ಮಾಡುತ್ತದೆ. ಆ ಕಡೆ ಹಾಲು ಕಮ್ಮಿ ಅಂತ ಅಜ್ಜಿ ಹೇಳುತ್ತಾರೆ. ಹಾಲು ಕಮ್ಮಿ ಇರುವುದಿಲ್ಲ, ಮಗುವಿಗೆ ಆ ಕಡೆ ಕತ್ತು ತಿರುಗುತ್ತಿರುವುದಿಲ್ಲ, ಅಷ್ಟೇ. ಮಗುವಿನ ದೇಹವನ್ನೇ ಬೇರೆ ಥರ ಹಿಡಿದು, ಕಂಕುಳ ಕೆಳಗೆ ಕಾಲು ಹೋಗುವಂತೆ ಇಟ್ಟುಕೊಂಡು ಕುಡಿಸಿ ನೋಡಿ, ಎಷ್ಟೋ ಸಲ ಕುಡಿಯುತ್ತದೆ.

ಹಂತ 2: ಬೆರಳಿನಿಂದ ನೋಡಿ, ಒಂದೇ ಸಲ

ಉಗುರು ಕತ್ತರಿಸಿಕೊಂಡು, ಕೈ ತೊಳೆದು ಬೆಚ್ಚಗೆ ಮಾಡಿಕೊಳ್ಳಿ. ಹೆಬ್ಬೆರಳು ತೋರುಬೆರಳಿನ ನಡುವೆ ಆ ಸ್ನಾಯುವನ್ನು ಹೂವು ಹಿಡಿದಂತೆ ಹಿಡಿದು ಕಿವಿಯ ಹಿಂದಿನಿಂದ ಮೆಲ್ಲಗೆ ಕೆಳಕ್ಕೆ ಬನ್ನಿ. ಸಾಮಾನ್ಯವಾಗಿ ಮಧ್ಯದಲ್ಲಿ ಅಥವಾ ಕೆಳಭಾಗದಲ್ಲಿ, ಕೊರಳ ಮೂಳೆಗೆ ಸ್ವಲ್ಪ ಮೇಲೆ ಗಂಟು ಸಿಗುತ್ತದೆ. ನೇರಳೆ ಹಣ್ಣಿನ ಆಕಾರ, ಹೆಚ್ಚುಕಮ್ಮಿ ಅಷ್ಟೇ ಗಾತ್ರ, ಒಂದರಿಂದ ಮೂರು ಸೆಂಟಿಮೀಟರ್. ಮೇಲ್ಮೈ ನುಣುಪು, ಮುಟ್ಟಿದರೆ ರಬ್ಬರಿಗಿಂತ ಗಟ್ಟಿ. ಸ್ನಾಯುವಿನ ಜೊತೆಗೇ ಅಕ್ಕಪಕ್ಕಕ್ಕೆ ಸರಿಯುತ್ತದೆ. ಮೇಲಿನ ಚರ್ಮ ಕೆಂಪಾಗಿರುವುದಿಲ್ಲ, ಬಿಸಿ ಇರುವುದಿಲ್ಲ. ಮುಟ್ಟಿದರೆ ಮಗು ನೋವಿಗೆ ಅಳುವುದಿಲ್ಲ. ಬಲಗಡೆ ಬರುವುದು ಸ್ವಲ್ಪ ಜಾಸ್ತಿ.

ಒಂದು ಸಲ ನೋಡಿದಿರಿ, ಸಾಕು. ಬಂದವರೆಲ್ಲ "ಎಲ್ಲಿ ನೋಡೋಣ" ಅಂತ ಒತ್ತಿ ನೋಡುವುದು ಬೇಡವೇ ಬೇಡ.

ಕತ್ತಿನ ಮಡಿಕೆಯನ್ನೂ ಇದೇ ಹೊತ್ತಿಗೆ ಬಿಡಿಸಿ ನೋಡಿಬಿಡಿ. ವಾಲಿದ ಕಡೆಯ ಮಡಿಕೆ ಇಡೀ ದಿನ ಮುಚ್ಚಿಕೊಂಡೇ ಇರುತ್ತದೆ. ಅಲ್ಲಿ ಹಾಲು ಇಳಿದು, ಬೆವರು ಸೇರಿ, ಪೌಡರ್ ಹಾಕಿದ್ದರೆ ಅದೂ ಹಿಟ್ಟಿನಂತೆ ಕಟ್ಟಿಕೊಂಡು, ಹುಳಿ ವಾಸನೆ ಬರುತ್ತಿರುತ್ತದೆ. ಚರ್ಮ ಕೆಂಪಗೆ ಹಸಿಯಾಗಿರುತ್ತದೆ. ಒದ್ದೆ ಹತ್ತಿಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಒತ್ತಿ ತೇವ ತೆಗೆಯಿರಿ. ಪೌಡರ್ ಬೇಡ. ದಿನಕ್ಕೆ ಎರಡು ಮೂರು ಸಲ ಹೀಗೆ ಮಾಡಿದರೆ ಸಾಕು.

ಹಂತ 3: ಇದು ಸ್ನಾಯುವಿನ ಗಂಟೇ ಹೌದಾ?

ಕತ್ತಿನಲ್ಲಿ ಗಂಟು ಅಂದರೆ ಹತ್ತು ಥರ ಇರುತ್ತವೆ. ನೀವೇ ತೀರ್ಮಾನ ಮಾಡಬೇಕಾಗಿಲ್ಲ, ಆದರೆ ವ್ಯತ್ಯಾಸ ಗೊತ್ತಿದ್ದರೆ ಡಾಕ್ಟರಿಗೆ ಸರಿಯಾಗಿ ಹೇಳಬಹುದು.

ಕಿವಿಯ ಹಿಂದೆ, ದವಡೆ ಕೆಳಗೆ ಕಡಲೆಕಾಳಿನಂತೆ ಒಂದೆರಡು ಉರುಳುವ ಗಂಟುಗಳು ಸಿಕ್ಕರೆ ಅವು ಲಿಂಫ್ ಗ್ರಂಥಿಗಳು, ಅಂದರೆ ಸೋಂಕು ತಡೆಯುವ ಕಾವಲು ಗ್ರಂಥಿಗಳು. ನೆಗಡಿ, ಗಂಟಲು ನೋವು, ತಲೆಯಲ್ಲಿ ಹುಣ್ಣು ಆದಾಗ ಊದುತ್ತವೆ. ಕತ್ತಿನ ಸರಿಯಾಗಿ ನಡುವೆ ಇದ್ದು, ನಾಲಿಗೆ ಹೊರಚಾಚಿದಾಗ ಅಥವಾ ನುಂಗಿದಾಗ ಮೇಲಕ್ಕೆ ಸರಿದರೆ ಅದು ಥೈರಾಯ್ಡ್ ಹಾದಿಯಲ್ಲಿ ಉಳಿದ ನೀರುಗಂಟು ಇರಬಹುದು. ಮೆತ್ತಗೆ ನೀರಿನ ಚೀಲದ ಹಾಗಿದ್ದು, ಕತ್ತಲಲ್ಲಿ ಟಾರ್ಚ್ ಹಿಡಿದರೆ ಬೆಳಕು ದಾಟಿ ಬಂದರೆ ಅದೂ ಬೇರೆ ಜಾತಿ. ಸ್ನಾಯುವಿನ ಮುಂದಿನ ಅಂಚಿನಲ್ಲಿ ಸೂಜಿಮೊನೆಯಷ್ಟು ತೂತು ಇದ್ದು ಆಗಾಗ ಜಿನುಗುತ್ತಿದ್ದರೆ ಅದನ್ನೂ ಡಾಕ್ಟರಿಗೆ ತೋರಿಸಿ. ಇವು ಯಾವುದಕ್ಕೂ ಕೆಳಗೆ ಹೇಳುವ ವ್ಯಾಯಾಮ ಸಲ್ಲದು.

ಹಂತ 4: ಇವು ಕಂಡರೆ ಅದೇ ದಿನ ಆಸ್ಪತ್ರೆಗೆ

ಜ್ವರ ಬಂದು ಗಂಟು ಕೆಂಪಾಗಿ ಬಿಸಿಯಾದರೆ. ಉಸಿರಾಡಲು ಒದ್ದಾಡಿದರೆ, ಹಾಲು ನುಂಗಲಾಗದೆ ಜೊಲ್ಲು ಸುರಿಸಿದರೆ. ದಿನದಿಂದ ದಿನಕ್ಕೆ ಕಣ್ಣಿಗೆ ಕಾಣುವಷ್ಟು ಬೇಗ ಬೆಳೆದರೆ. ಮಗು ಬಿದ್ದ ಮೇಲೆ ಕತ್ತು ವಾಲಿದರೆ. ವಾಂತಿ, ಮಂಪರು, ಫಿಟ್ಸ್ ಜೊತೆಗಿದ್ದರೆ. ಒಂದು ಕೈ ಅಥವಾ ಕಾಲು ಆಡಿಸದಿದ್ದರೆ.

ಇಂಥ ಹೊತ್ತಲ್ಲಿ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಕತ್ತನ್ನು ನೆಟ್ಟಗೆ ಮಾಡಲು ಹೋಗಬೇಡಿ. ಯಾವ ಭಂಗಿಯಲ್ಲಿ ಮಗು ಆರಾಮಾಗಿದೆಯೋ ಅದೇ ಭಂಗಿಯಲ್ಲಿ ಕರೆದುಕೊಂಡು ಹೋಗಿ.

ಹಂತ 5: ಯಾರಿಗೆ ತೋರಿಸಬೇಕು, ಏನು ಕೇಳಬೇಕು

ಇಲ್ಲಿ ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ನಮ್ಮ ಕಡೆ ಬಾಣಂತಿ ತವರಲ್ಲಿ ಇರುತ್ತಾಳೆ. ಮೂರು ತಿಂಗಳೋ ಐದು ತಿಂಗಳೋ ಆಗುವವರೆಗೆ ಕೂಸನ್ನು ಆಚೆ ಕರೆದುಕೊಂಡು ಹೋಗುವುದು ಬೇಡ, ಗಾಳಿ ಸೋಕುತ್ತದೆ, ಗಂಡನ ಮನೆಗೆ ಹೋದ ಮೇಲೆ ದೊಡ್ಡ ಡಾಕ್ಟರಿಗೆ ತೋರಿಸಿದರಾಯಿತು ಅನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ. ಆದರೆ ಈ ಸ್ನಾಯು ಸುಲಭವಾಗಿ ಸಡಿಲವಾಗುವ ದಿನಗಳು ಅವೇ ಮೂರು ತಿಂಗಳು. ಆ ಅವಧಿಯಲ್ಲಿ ವ್ಯಾಯಾಮ ಶುರು ಮಾಡಿದ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಮಂದಿಗೆ ಆಪರೇಷನ್ ಬೇಕಾಗುವುದೇ ಇಲ್ಲ. ಆರು ತಿಂಗಳು ದಾಟಿ ಬಂದ ಮಗುವಿಗೆ ಅದೇ ಕೆಲಸಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಅಷ್ಟು ಹೊತ್ತಿಗೆ ಮಗುವಿಗೆ ಬಲ ಬಂದಿರುತ್ತದೆ, ಹಿಡಿದರೆ ಕೊಸರಿಕೊಳ್ಳುತ್ತದೆ. ಬಾಣಂತನ ಮುಗಿಯುವವರೆಗೆ ಕಾಯಬೇಡಿ. ಗಂಟು ಸಿಕ್ಕಿದ ವಾರವೇ ಹೋಗಿ.

ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾರಲ್ಲ, ಮೂರನೇ ದಿನ, ಏಳನೇ ದಿನ, ಆಮೇಲೆ 14, 21, 28 ಮತ್ತು 42ನೇ ದಿನ. ಗಂಟು ಸಾಮಾನ್ಯವಾಗಿ ಕಾಣುವುದು ಈ 14ರಿಂದ 28ರ ನಡುವೆಯೇ. ಅವರಿಗೆ ಬಾಯಿಬಿಟ್ಟು ಹೇಳಿ, ಕತ್ತು ತೋರಿಸಿ. ಆರನೇ ವಾರದ ಲಸಿಕೆಗೆ ಹೋದಾಗಲೂ ಕೇಳಬಹುದು, ಆದರೆ ಅಲ್ಲಿ ಜನ ಜಾಸ್ತಿ, ನೀವಾಗಿ ಹೇಳದಿದ್ದರೆ ಯಾರೂ ಕತ್ತು ಬಿಡಿಸಿ ನೋಡುವುದಿಲ್ಲ. ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ತಂಡದವರು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತಾರೆ, ಒಳ್ಳೆಯ ವ್ಯವಸ್ಥೆ. ಆದರೆ ಮೂರು ವಾರದ ಕೂಸಿಗೆ ಅಷ್ಟು ಕಾಯುವಂತಿಲ್ಲ.

ಮೊದಲು ಮಕ್ಕಳ ಡಾಕ್ಟರ್. ಮಂಡ್ಯದವರಿಗೆ ಮಿಮ್ಸ್, ಮೈಸೂರಿನವರಿಗೆ ಚೆಲುವಾಂಬ ಆಸ್ಪತ್ರೆ ಇವೆ, ಎರಡೂ ಸರ್ಕಾರಿ. ಊರಲ್ಲಿ ನಂಬಿಕೆಯ ಮಕ್ಕಳ ಡಾಕ್ಟರ್ ಇದ್ದರೆ ಅವರ ಹತ್ತಿರವೇ ಶುರು ಮಾಡಬಹುದು. ಅಲ್ಲಿಂದ ಮಕ್ಕಳ ಸರ್ಜನ್ ಅಥವಾ ಮೂಳೆ ಡಾಕ್ಟರ್, ಫಿಸಿಯೋಥೆರಪಿಸ್ಟ್ ಹತ್ತಿರ ಕಳಿಸುತ್ತಾರೆ. ತಾಯಿ ಕಾರ್ಡ್, ಹೆರಿಗೆಯ ಡಿಸ್ಚಾರ್ಜ್ ಚೀಟಿ, ಆ ಫೋಟೊಗಳು, ಒಂದು ಜೊತೆ ಬಟ್ಟೆ, ಇಷ್ಟು ಜೊತೆಗಿರಲಿ.

ಕತ್ತಿನ ಅಲ್ಟ್ರಾಸೌಂಡ್ ಬರೆಯುತ್ತಾರೆ. ಬಸುರಿಯಲ್ಲಿ ಮಾಡಿಸಿಕೊಂಡ ಸ್ಕ್ಯಾನಿಂಗ್ ಥರವೇ, ವಿಕಿರಣ ಇಲ್ಲ, ಸೂಜಿ ಇಲ್ಲ, ಅರಿವಳಿಕೆ ಕೊಡುವುದಿಲ್ಲ. ಹಾಲು ಕುಡಿಸಿ ಮಲಗಿಸಿಕೊಂಡು ಹೋದರೆ ಐದು ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಗಂಟು ಸ್ನಾಯುವಿನ ಒಳಗೇ ಇದೆಯಾ, ಇನ್ನೊಂದು ಕಡೆಯ ಸ್ನಾಯುವಿಗಿಂತ ಎಷ್ಟು ದಪ್ಪ ಅನ್ನುವುದು ಅದರಲ್ಲೇ ಗೊತ್ತಾಗುತ್ತದೆ. ಲಕ್ಷಣಗಳು ಸರಿಯಾಗಿ ಹೊಂದಿದರೆ ಸೂಜಿ ಹಾಕಿ ಪರೀಕ್ಷೆ, ಸಿ.ಟಿ. ಸ್ಕ್ಯಾನ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಯಾರಾದರೂ ಬರೆದುಕೊಟ್ಟರೆ ಯಾಕೆ ಬೇಕು ಅಂತ ಮರ್ಯಾದೆಯಿಂದ ಕೇಳಿ. ಕೇಳುವುದರಲ್ಲಿ ತಪ್ಪೇನಿಲ್ಲ.

ಇನ್ನೊಂದು ಪ್ರಶ್ನೆ ಮರೆಯದೇ ಕೇಳಿ: "ಡಾಕ್ಟರೇ, ಸೊಂಟದ ಕೀಲು ನೋಡಿದಿರಾ?" ಕತ್ತು ವಾಲುವ ಕೆಲವು ಮಕ್ಕಳಲ್ಲಿ ತೊಡೆಯ ಮೂಳೆ ಸೊಂಟದ ಗುಣಿಯಲ್ಲಿ ಸರಿಯಾಗಿ ಕೂತಿರುವುದಿಲ್ಲ. ಎರಡೂ ಹೊಟ್ಟೆಯೊಳಗಿನ ಒಂದೇ ಇಕ್ಕಟ್ಟಿನಿಂದ ಬಂದಿರಬಹುದು. ಎಳೆಯದರಲ್ಲಿ ಗೊತ್ತಾದರೆ ಪಟ್ಟಿ ಕಟ್ಟಿಯೇ ಸರಿಹೋಗಬಹುದು, ನಡೆಯುವ ವಯಸ್ಸಿನಲ್ಲಿ ಗೊತ್ತಾದರೆ ದೊಡ್ಡ ಆಪರೇಷನ್ ಬೇಕಾಗಬಹುದು. ಕತ್ತಿನ ಗದ್ದಲದಲ್ಲಿ ಸೊಂಟ ಮರೆತುಹೋಗಬಾರದು.

ಹಂತ 6: ವ್ಯಾಯಾಮ

ಡಾಕ್ಟರ್ ಇದು ಸ್ನಾಯುವಿನ ಗಂಟೇ ಅಂತ ಹೇಳಿದ ಮೇಲೆ, ಫಿಸಿಯೋಥೆರಪಿಸ್ಟ್ ಒಮ್ಮೆ ಎದುರಿಗೆ ಮಾಡಿ ತೋರಿಸಿ, ಆಮೇಲೆ ನಿಮ್ಮ ಕೈಯಲ್ಲಿ ಮಾಡಿಸಿ ನೋಡಿದ ಮೇಲೆ ಮಾತ್ರ ಮನೆಯಲ್ಲಿ ಶುರು ಮಾಡಿ. ಓದಿಕೊಂಡು, ವಿಡಿಯೊ ನೋಡಿಕೊಂಡು ಕತ್ತಿಗೆ ಕೈ ಹಾಕಬೇಡಿ. ಕೆಳಗೆ ಬರೆದದ್ದು ಮರೆತಾಗ ನೆನಪಿಸಿಕೊಳ್ಳಲು.

ಇಬ್ಬರು ಇದ್ದರೆ ಸುಲಭ. ನೀರು ಹಾಕಿದ ಮೇಲೆ ಮೈ ಬೆಚ್ಚಗಿರುವಾಗ ಒಳ್ಳೆಯದು. ಹಾಲು ಕುಡಿಸಿ ಮುಕ್ಕಾಲು ಗಂಟೆಯಾದರೂ ಆಗಿರಲಿ, ಇಲ್ಲದಿದ್ದರೆ ಕಕ್ಕುತ್ತದೆ. ಗಂಟು ಬಲಗಡೆ ಇದೆ ಅಂತ ಇಟ್ಟುಕೊಂಡು ಹೇಳುತ್ತೇನೆ. ಎಡಗಡೆ ಇದ್ದರೆ ಎಲ್ಲವನ್ನೂ ತಿರುವುಮುರುವು ಮಾಡಿಕೊಳ್ಳಿ.

ಮೊದಲನೆಯದು ತಿರುಗಿಸುವುದು. ಮಗು ಅಂಗಾತ. ಒಬ್ಬರು ಎರಡೂ ಹೆಗಲು ಮೇಲೇಳದಂತೆ ಅಂಗೈ ಇಟ್ಟು ಮೃದುವಾಗಿ ಹಿಡಿಯಬೇಕು. ಇನ್ನೊಬ್ಬರು ಕೆನ್ನೆಯನ್ನೂ ತಲೆಯ ಹಿಂಭಾಗವನ್ನೂ ಬೊಗಸೆಯಲ್ಲಿ ಹಿಡಿದು ಗದ್ದವನ್ನು ನಿಧಾನವಾಗಿ ಬಲ ಹೆಗಲ ಕಡೆಗೆ ತಿರುಗಿಸಬೇಕು. ಹೌದು, ಗಂಟು ಇರುವ ಕಡೆಗೇ ಗದ್ದ. ಆರೋಗ್ಯವಾದ ಕೂಸಿನ ಗದ್ದ ಹೆಗಲನ್ನು ದಾಟಿ ತಿರುಗುತ್ತದೆ, ನಮ್ಮ ಗುರಿ ಅಲ್ಲಿಗೆ ತಲುಪುವುದು. ಒಂದೇ ದಿನದಲ್ಲಿ ಅಲ್ಲ.

ಎರಡನೆಯದು ವಾಲಿಸುವುದು. ಬಲ ಹೆಗಲನ್ನು ಕೆಳಕ್ಕೆ ಹಿಡಿದು, ಮುಖ ನೇರ ಮೇಲಕ್ಕೆ ಇಟ್ಟು, ಎಡ ಕಿವಿಯನ್ನು ಎಡ ಹೆಗಲ ಹತ್ತಿರಕ್ಕೆ ತನ್ನಿ. ಇಲ್ಲಿ ಗಂಟು ಇಲ್ಲದ ಕಡೆಗೆ ವಾಲಿಸುತ್ತಿದ್ದೇವೆ. ಗದ್ದ ಗಂಟಿನ ಕಡೆಗೆ, ಕಿವಿ ಇನ್ನೊಂದು ಕಡೆಗೆ. ಗೋಡೆ ಮೇಲೆ ಚೀಟಿ ಬರೆದು ಅಂಟಿಸಿಕೊಳ್ಳಿ, ಯಾಕಂದರೆ ನಿದ್ದೆಗೆಟ್ಟ ತಲೆಯಲ್ಲಿ ಎಡ ಬಲ ಅದಲುಬದಲು ಆಗುವುದು ಸಹಜ.

ಬಿಗಿ ಸಿಗುವ ಜಾಗಕ್ಕೆ ಬಂದ ಕೂಡಲೇ ನಿಲ್ಲಿಸಿ, ಅಲ್ಲೇ ಹತ್ತರಿಂದ ಮೂವತ್ತು ಸೆಕೆಂಡ್ ಹಿಡಿಯಿರಿ. ಲಾಲಿ ಹಾಡು ಗೊತ್ತಿದ್ದರೆ ಹಾಡಿ, ಎರಡು ಸಾಲು ಮುಗಿಯುವಷ್ಟರಲ್ಲಿ ಲೆಕ್ಕ ಸರಿಹೋಗುತ್ತದೆ. ಎಷ್ಟು ಸಲ, ದಿನಕ್ಕೆ ಎಷ್ಟು ಹೊತ್ತು ಅನ್ನುವುದನ್ನು ನಿಮ್ಮ ಫಿಸಿಯೋಥೆರಪಿಸ್ಟ್ ಮಗು ನೋಡಿ ಹೇಳುತ್ತಾರೆ. ಒಂದೇ ಸಲ ಅರ್ಧ ಗಂಟೆ ಮಾಡುವುದಕ್ಕಿಂತ, ಬಟ್ಟೆ ಬದಲಿಸುವಾಗೆಲ್ಲ ಸ್ವಲ್ಪ ಸ್ವಲ್ಪ ಮಾಡುವುದು ಒಳ್ಳೆಯದು. ಮಗು ಮುಖ ಸಿಂಡರಿಸಿದರೆ ಪರವಾಗಿಲ್ಲ. ಜೋರಾಗಿ ಅತ್ತು ಎದುರು ತಳ್ಳಿದರೆ, ಮೈಬಣ್ಣ ಬದಲಾದರೆ, ಉಸಿರು ಬೇರೆ ಥರ ಆದರೆ ತಕ್ಷಣ ಬಿಡಿ. ಎಳೆಯುವಾಗ "ಪಟ್" ಅಂದು ಒಮ್ಮೆಗೇ ಸಡಿಲವಾದಂತೆ ಅನಿಸಿದರೆ ನಿಲ್ಲಿಸಿ, ಡಾಕ್ಟರಿಗೆ ತೋರಿಸುವವರೆಗೆ ಮತ್ತೆ ಮಾಡಬೇಡಿ.

ಮೂರನೆಯದು ಎತ್ತಿಕೊಳ್ಳುವ ರೀತಿ. ನನಗೆ ಇದೇ ಎಲ್ಲಕ್ಕಿಂತ ಇಷ್ಟ, ಯಾಕಂದರೆ ಮಗು ಅಳುವುದೇ ಇಲ್ಲ. ಮಗುವಿನ ಬೆನ್ನು ನಿಮ್ಮ ಎದೆಗೆ ಒರಗಿರಲಿ, ಬಲಮಗ್ಗುಲು ಕೆಳಗೆ ಬರುವಂತೆ ಅಡ್ಡಡ್ಡ ಎತ್ತಿಕೊಳ್ಳಿ. ನಿಮ್ಮ ಒಂದು ಮುಂಗೈ ಮಗುವಿನ ಬಲ ಕಿವಿಗೂ ಬಲ ಹೆಗಲಿಗೂ ನಡುವೆ ಬರಬೇಕು, ಇನ್ನೊಂದು ಕೈ ಕಾಲುಗಳ ನಡುವಿನಿಂದ ಬಂದು ದೇಹವನ್ನು ಹಿಡಿಯಬೇಕು. ಹೀಗೆ ಹಿಡಿದು ಅಂಗಳದಲ್ಲಿ ಎರಡು ಸುತ್ತು ಹಾಕಿ, ಹಸು ಕರು ತೋರಿಸಿ. ಮಗುವಿನ ತಲೆಯ ಭಾರವೇ ಸ್ನಾಯುವನ್ನು ಎಳೆಯುತ್ತಿರುತ್ತದೆ.

ನಾಲ್ಕನೆಯದು ಬೋರಲು ಮಲಗಿಸಿ ಆಡಿಸುವುದು. ಎಚ್ಚರವಿದ್ದಾಗ ಮಾತ್ರ, ಎದುರಿಗೆ ನೀವು ಇದ್ದಾಗ ಮಾತ್ರ. ಮೊದಮೊದಲು ನಿಮ್ಮ ಎದೆಯ ಮೇಲೆ ಎರಡು ಮೂರು ನಿಮಿಷ, ಆಮೇಲೆ ಚಾಪೆ ಮೇಲೆ. ಗಿಲಕಿಯನ್ನು ಬಲಗಡೆಯಿಂದ ಆಡಿಸಿ. ಮೂರು ನಾಲ್ಕು ತಿಂಗಳಿಗೆ ಕತ್ತು ನಿಂತ ಮೇಲೆ ಇನ್ನೊಂದು ಕೆಲಸ ಸೇರುತ್ತದೆ: ಮಗುವನ್ನು ಕಂಕುಳಲ್ಲಿ ಹಿಡಿದು ಮೆಲ್ಲಗೆ ಬಲಕ್ಕೆ ಓರೆ ಮಾಡಿದರೆ ತಲೆ ತಾನಾಗಿ ಎಡಕ್ಕೆ ನೆಟ್ಟಗಾಗಲು ನೋಡುತ್ತದೆ, ಅದರಿಂದ ಎಡಗಡೆಯ ಸ್ನಾಯುವಿಗೆ ಬಲ ಬರುತ್ತದೆ.

ಹಂತ 7: ಮಿಕ್ಕ ಇಪ್ಪತ್ತಮೂರು ಗಂಟೆ

ವ್ಯಾಯಾಮ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ. ಉಳಿದ ಹೊತ್ತು ಮಗು ಗೋಡೆ ಕಡೆಗೋ, ಕಿಟಕಿ ಕಡೆಗೋ, ಅಮ್ಮನ ಕಡೆಗೋ ತಿರುಗಿ ಮಲಗಿರುತ್ತದೆ. ಸದಾ ಒಂದೇ ಕಡೆ ಒತ್ತಿದರೆ ತಲೆ ಆ ಕಡೆ ಚಪ್ಪಟೆಯಾಗುತ್ತದೆ. ಬಲಗಡೆ ಗಂಟಿದ್ದು ಎಡಕ್ಕೆ ತಿರುಗಿರುವ ಮಗುವಿಗೆ ನೋಡುವಂಥದ್ದೆಲ್ಲ ಬಲಗಡೆಯಿಂದ ಸಿಗಬೇಕು. ಬೆಳಕು, ಬಣ್ಣದ ಬಟ್ಟೆ, ನಿಮ್ಮ ದನಿ ಎಲ್ಲ. ತೊಟ್ಟಿಲಲ್ಲಿ ತಲೆ ಇಡುವ ದಿಕ್ಕನ್ನು ದಿನ ಬಿಟ್ಟು ದಿನ ಬದಲಿಸಿ. ಜೋಲಿಯಲ್ಲಿ ಮಗು ಸದಾ ಮುದುರಿಕೊಂಡಿರುತ್ತದೆ, ಹಗಲೆಲ್ಲ ಅದರಲ್ಲೇ ಬಿಡುವುದು ಬೇಡ. ಚಾಪೆ ಮೇಲೆ ಕೈಕಾಲು ಬಡಿದು ಆಡಲು ಬಿಡಿ.

ಸಾಸಿವೆ ದಿಂಬು, ರಾಗಿ ದಿಂಬು ಇಟ್ಟು ತಲೆ ನೇರ ನಿಲ್ಲಿಸುವುದು ನಮ್ಮ ಕಡೆ ಹಳೆಯ ಪದ್ಧತಿ. ಆದರೆ ಮಲಗಿದ ಮಗುವಿನ ಪಕ್ಕದಲ್ಲಿ ದಿಂಬು, ಸುತ್ತಿದ ಬಟ್ಟೆ ಇದ್ದರೆ ಮೂಗು ಮುಚ್ಚಿ ಉಸಿರು ಕಟ್ಟುವ ಅಪಾಯ ಇದೆ. ನಿದ್ದೆಗೆ ಅಂಗಾತ, ಸಮವಾದ ಹಾಸಿಗೆ, ಪಕ್ಕದಲ್ಲಿ ಏನೂ ಇರಬಾರದು.

ಹಂತ 8: ಇವು ಬೇಡ

ನೀವಿಸುವುದು ಬೇಡ. ಉಳುಕು ತೆಗೆಯುತ್ತೇವೆ ಅನ್ನುವವರ ಕೈಗೆ ಹಸುಗೂಸಿನ ಕತ್ತು ಕೊಡಬೇಡಿ. ಗಂಟನ್ನು ಹರಳೆಣ್ಣೆ ಹಾಕಿ ಹೆಬ್ಬೆರಳಲ್ಲಿ ಉಜ್ಜಿದರೆ ಕರಗುವುದಿಲ್ಲ, ಒಳಗೆ ಇನ್ನಷ್ಟು ಪೆಟ್ಟಾಗುತ್ತದೆ. ಕಾಲ ಮೇಲೆ ಹಾಕಿಕೊಂಡು ನೀರು ಹಾಕುವಾಗ ತಲೆ ಒತ್ತಿ ಗುಂಡಗೆ ಮಾಡುವುದು, ಕತ್ತು ಹಿಡಿದು ಎತ್ತಿ ಜಗ್ಗುವುದು, ಇದೂ ಬೇಡ. ಮೈಗೆಲ್ಲ ಎಣ್ಣೆ ಹಚ್ಚಲಿ, ಬಿಸಿನೀರು ಹದವಾಗಿ ಹಾಕಲಿ, ಅಜ್ಜಿಯ ಕೈಗುಣ ಮಗುವಿಗೆ ಬೇಕು. ಕತ್ತು ಒಂದನ್ನು ಬಿಟ್ಟುಬಿಡಲಿ.

ಬರೆ ಹಾಕುವುದು, ಸುಣ್ಣ ಹಚ್ಚುವುದು, ಯಾವುದೋ ಸೊಪ್ಪು ಅರೆದು ಪಟ್ಟು ಕಟ್ಟುವುದು ಎಳೆ ಚರ್ಮವನ್ನು ಸುಡುತ್ತದೆ. ಆಮೇಲೆ ಆ ಗಾಯ ಮಾಯುವವರೆಗೆ ವ್ಯಾಯಾಮ ನಿಲ್ಲಿಸಬೇಕಾಗುತ್ತದೆ. ಎಳೆಗೂಸಿಗೆ ಅಮೂಲ್ಯವಾದ ಎರಡು ವಾರ ಹೋಯಿತು.

ಕತ್ತಿಗೆ ಪಟ್ಟಿ, ಕಾಲರ್ ಅಂಗಡಿಯಿಂದ ನೀವೇ ತಂದು ಹಾಕಬೇಡಿ.

ಹಂತ 9: ಎಷ್ಟು ದಿನ?

ಗಂಟು ಸಿಕ್ಕಿದ ಮೇಲೆ ಕೆಲವು ವಾರ ಸ್ವಲ್ಪ ದೊಡ್ಡದಾಗಬಹುದು. ವ್ಯಾಯಾಮ ಮಾಡಿದ್ದಕ್ಕೇ ದೊಡ್ಡದಾಯಿತು ಅಂತ ಇಲ್ಲೇ ತುಂಬ ಜನ ಕೈಬಿಡುತ್ತಾರೆ. ಅದು ಅದರ ಸ್ವಭಾವ. ಆಮೇಲೆ ನಿಲ್ಲುತ್ತದೆ, ನಾಲ್ಕರಿಂದ ಎಂಟು ತಿಂಗಳ ಹೊತ್ತಿಗೆ ಹೆಚ್ಚಿನವರಲ್ಲಿ ಕರಗುತ್ತದೆ. ಎರಡನೇ ಸಲ ಕೈಬಿಡುವುದು ಗಂಟು ಮಾಯವಾದಾಗ. ಗಂಟು ಹೋಗಿದ್ದರೂ ಸ್ನಾಯು ಬಿಗಿಯಾಗಿಯೇ ಉಳಿದಿರಬಹುದು. ಎರಡೂ ಕಡೆ ಗದ್ದ ಸಮನಾಗಿ ತಿರುಗುವವರೆಗೆ ಬಿಡಬೇಡಿ. ವಾರಕ್ಕೊಮ್ಮೆ ಅದೇ ಚಾಪೆ, ಅದೇ ಜಾಗ, ಮೇಲಿನಿಂದ ಒಂದು ಫೋಟೊ ತೆಗೆದಿಡಿ. ದಿನಾ ನೋಡುವವರಿಗೆ ಬದಲಾವಣೆ ಕಾಣುವುದಿಲ್ಲ, ಆರು ಫೋಟೊ ಸಾಲಾಗಿ ಇಟ್ಟರೆ ಕಾಣುತ್ತದೆ.

ತಿಂಗಳುಗಟ್ಟಲೆ ಸರಿಯಾಗಿ ಮಾಡಿಯೂ ವರ್ಷ ದಾಟಿದ ಮೇಲೆ ಬಿಗಿ ಹಾಗೇ ಉಳಿದರೆ ಸ್ನಾಯುವನ್ನು ಬಿಡಿಸುವ ಆಪರೇಷನ್ ಮಾಡುತ್ತಾರೆ. ಫಲಿತಾಂಶ ಒಳ್ಳೆಯದಿರುತ್ತದೆ, ಹೆದರಬೇಡಿ. ಆದರೆ ಸುಮ್ನೆ ಮುಂದೂಡುತ್ತಾ ಹೋದರೆ ಮುಖದ ಒಂದು ಭಾಗ ಚಿಕ್ಕದಾಗಿ ಬೆಳೆಯುತ್ತದೆ.

ದೊಡ್ಡ ಮಕ್ಕಳಲ್ಲಿ ಕಂಡರೆ

ಮೂರು ವರ್ಷ, ಐದು ವರ್ಷ, ಹತ್ತು ವರ್ಷದ ಮಕ್ಕಳ ಕತ್ತು ಹೊಸದಾಗಿ ವಾಲಿದರೆ ಅದು ಬೇರೆಯೇ ಲೆಕ್ಕ, ಮೇಲಿನ ವ್ಯಾಯಾಮ ಮಾಡಬೇಡಿ. ಗಂಟಲು ಸೋಂಕಾದ ಮೇಲೆ ಕತ್ತು ಒಂದೇ ಕಡೆ ಸಿಕ್ಕಿಹಾಕಿಕೊಂಡು ನೋಯುತ್ತಿದ್ದರೆ ಕತ್ತಿನ ಮೇಲಿನ ಮೂಳೆಗಳು ಜಾರಿರಬಹುದು, ಅದೇ ದಿನ ತೋರಿಸಿ. ಓದುವಾಗ, ಟಿ.ವಿ. ನೋಡುವಾಗ ತಲೆ ವಾಲಿಸಿ, ಒಂದು ಕಣ್ಣು ಮುಚ್ಚಿದರೆ ನೆಟ್ಟಗಾಗುವ ಮಗುವಿಗೆ ಕಣ್ಣಿನ ಡಾಕ್ಟರ್ ಬೇಕು. ತಲೆನೋವು, ಬೆಳಗಿನ ವಾಂತಿ, ನಡೆಯುವಾಗ ತೂರಾಟ ಜೊತೆಗಿದ್ದರೆ ಮೆದುಳಿನ ಸ್ಕ್ಯಾನ್ ಬೇಕಾಗಬಹುದು, ತಡ ಮಾಡಬೇಡಿ.

ಎರಡೂ ಕಡೆಯ ಸ್ನಾಯು ಉಸಿರಾಡುವಾಗೆಲ್ಲ ಹಗ್ಗದಂತೆ ಎದ್ದು ಕಾಣುತ್ತಿದ್ದರೆ ಮಗು ಉಸಿರಿಗೆ ಕಷ್ಟಪಡುತ್ತಿದೆ ಅಂತ ಅರ್ಥ. ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ. ಆಸ್ತಮಾ ಇರಬಹುದು. ಮೈಯ ಸ್ನಾಯುಗಳೆಲ್ಲ ದಪ್ಪಗೆ ಕಂಡರೂ ಮಗು ಮಂಕಾಗಿದ್ದು, ಮಲಬದ್ಧತೆ ಇದ್ದು, ಎತ್ತರ ಬೆಳೆಯದಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಕೆಲವೊಮ್ಮೆ ಒಂದು ಕಡೆ ದಪ್ಪ ಅನಿಸುವುದು ಇನ್ನೊಂದು ಕಡೆಯ ಸ್ನಾಯು ಬಡವಾಗಿರುವುದರಿಂದ. ಗರಡಿಯಲ್ಲಿ ಸಾಮು ಮಾಡುವ ಹದಿನೈದು ಹದಿನಾರರ ಹುಡುಗರ ಕತ್ತು ಎರಡೂ ಕಡೆ ಸಮನಾಗಿ ದಪ್ಪಗಾಗುತ್ತದೆ, ಅದಕ್ಕೆ ಚಿಕಿತ್ಸೆ ಬೇಡ.

ಲಿಂಫ್ ಗ್ರಂಥಿಯ ಗಂಟು ಎರಡು ಸೆಂಟಿಮೀಟರ್‌ಗಿಂತ ದೊಡ್ಡದಾಗಿ ನಾಲ್ಕಾರು ವಾರವಾದರೂ ಇಳಿಯದಿದ್ದರೆ, ಒಂದಕ್ಕೊಂದು ಅಂಟಿಕೊಂಡರೆ, ಕೊರಳ ಮೂಳೆಯ ಮೇಲೆ ಬಂದರೆ, ಜೊತೆಗೆ ತೂಕ ಇಳಿದು ರಾತ್ರಿ ಬೆವರಿದರೆ, ಕ್ಷಯ ಸೇರಿದಂತೆ ಹಲವು ಕಾಯಿಲೆ ನೋಡಬೇಕಾಗುತ್ತದೆ. ಹಿಂದಿನವರು ಗಂಡಮಾಲೆ ಅನ್ನುತ್ತಿದ್ದದ್ದು ಇದೇ ಕ್ಷಯದ ಗಂಟುಗಳನ್ನು. ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಔಷಧಿ ಉಚಿತ.

ಎಲ್ಲರೂ ಕೇಳುವ ಎರಡು ಪ್ರಶ್ನೆ

ಲಸಿಕೆ ಹಾಕಿಸಬಹುದಾ? ಹಾಕಿಸಲೇಬೇಕು, ಆರು, ಹತ್ತು, ಹದಿನಾಲ್ಕನೇ ವಾರಕ್ಕೆ ತಪ್ಪದೆ. ಆಗ ಸೂಜಿ ಚುಚ್ಚುವುದು ತೊಡೆಗೆ ಮತ್ತು ತೋಳಿಗೆ, ಕತ್ತಿಗೂ ಅದಕ್ಕೂ ಸಂಬಂಧ ಇಲ್ಲ. ಮೈ ಬಿಸಿಯಿದ್ದ ದಿನ ವ್ಯಾಯಾಮ ಬಿಟ್ಟು, ಎತ್ತಿಕೊಳ್ಳುವ ಭಂಗಿ ಒಂದನ್ನೇ ಮಾಡಿ.

ಕಿವಿ ಚುಚ್ಚಿಸಬಹುದಾ? ಸ್ನಾಯುವಿಗೆ ಅದರಿಂದ ತೊಂದರೆ ಇಲ್ಲ. ಆದರೂ ಸ್ವಲ್ಪ ತಡೆಯಿರಿ ಅಂತಲೇ ಹೇಳುತ್ತೇನೆ. ಚುಚ್ಚಿದ ಜಾಗ ಕೀವಾದರೆ ಕಿವಿಯ ಕೆಳಗಿನ ಗ್ರಂಥಿ ಊದುತ್ತದೆ, ಆಗ ಇದು ಹಳೆಯ ಗಂಟೋ ಹೊಸದೋ ಅಂತ ಮತ್ತೆ ಸ್ಕ್ಯಾನಿಂಗ್. ಮಲಗಿದಾಗ ಓಲೆ ಒತ್ತುತ್ತದೆ ಅಂತ ಮಗು ಆ ಕಡೆಗೆ ತಿರುಗುವುದನ್ನೇ ಬಿಟ್ಟುಬಿಡುವುದೂ ಉಂಟು. ಗಂಟು ಕರಗಿ, ಗದ್ದ ಎರಡೂ ಹೆಗಲು ದಾಟಿ ತಿರುಗುವಂತಾದ ಮೇಲೆ ಚುಚ್ಚಿಸಿ.